ಯಾರ ಗಜದಿಂದ ಅಳೆಯೋಣ?

ಬ್ಯಾಕ್ಟೀರಿಯಾ ಈಜುವುದು ವೇಗವಾಗಿಯೋ, ನಿಧಾನವಾಗಿಯೋ? ಎರಡು ಉತ್ತರವೂ ಸರಿ, ತೊಡಕಿರುವುದೂ ಅಲ್ಲೇ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಐನೂರನ್ನು ಸಾಲಾಗಿ ನಿಲ್ಲಿಸಬಹುದು. ಅದು ಸೆಕೆಂಡಿಗೆ 20ರಿಂದ 30 ಮೈಕ್ರೋಮೀಟರ್ ಈಜುತ್ತದೆ. ಎಲ್ಲೂ ನಿಲ್ಲದೆ ನೇರವಾಗಿ ಹೋದರೂ ಒಂದು ಮೀಟರ್ ದಾಟಲು ಒಂಬತ್ತು ಗಂಟೆ ಮೀರುತ್ತದೆ; ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಅಷ್ಟರಲ್ಲಿ ಮಂಗಳೂರು ಸೇರಿರುತ್ತಾರೆ. ಅದರ ಮೈಯಳತೆಯಿಂದಲೇ ಲೆಕ್ಕ ಹಾಕಿದರೋ, ಸೆಕೆಂಡಿಗೆ ಹತ್ತರಿಂದ ಹದಿನೈದು ಮೈಯುದ್ದ! ಒಲಿಂಪಿಕ್ಸ್ ಈಜುಗಾರನದು ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ.

ಇನ್ನೊಂದು ವಿಷಯವಿದೆ. ಅಷ್ಟು ಚಿಕ್ಕ ಮೈಗೆ ನೀರೆಂದರೆ ನಮಗೆ ಜೇನುತುಪ್ಪಕ್ಕಿಂತಲೂ ಮಂದ. ಕೊಳದ ಗೋಡೆಯನ್ನೊಮ್ಮೆ ಒದ್ದರೆ ನಾವು ಕೈಕಾಲು ಆಡಿಸದೆಯೂ ಒಂದೆರಡು ಮಾರು ಜಾರುತ್ತೇವೆ. ಬ್ಯಾಕ್ಟೀರಿಯಾ ತನ್ನ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಸಾಗದೆಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಲೆಕ್ಕ ಹಾಕಿ ತೋರಿಸಿದರು. ನಿನ್ನೆಯ ದುಡಿಮೆ ಅದಕ್ಕೆ ಇಂದು ಆಗಿಬರುವುದಿಲ್ಲ.

ಇಲ್ಲಿ ಮುಹೈಸ್ನಾದ ಮಾತು ತರಬೇಕೆನಿಸುತ್ತದೆ. ಜನ ಸೋನಾಪುರವೆನ್ನುವ ಎರಡನೆಯ ಮುಹೈಸ್ನಾದಿಂದ ಬೆಳಗಿನ ಜಾವವೇ ಕೆಲಸಗಾರರ ಬಸ್ಸುಗಳು ಹೊರಡುತ್ತವೆ. ಒಂದು ತಿಂಗಳ ಸಂಬಳ ತಪ್ಪಿದರೆ ಅದೇ ತಿಂಗಳು ಊರಿನ ಒಲೆಗೆ ಗೊತ್ತಾಗುವಂಥ ಬದುಕು ಅವರಲ್ಲಿ ಅನೇಕರದು. ನಮ್ಮಲ್ಲಿ ಹಲವರಿಗೆ ತಂದೆ ಓದಿಸಿದ ಓದು, ಮಾವನ ಪರಿಚಯ, ಊರಿನ ತೋಟ ಇವೆಲ್ಲ ಗೋಡೆ ಒದ್ದಂತೆ. ಸ್ವಲ್ಪ ಸುಮ್ಮನಿದ್ದರೂ ಸಾಗುತ್ತೇವೆ. ಹಾಗಿರುವಾಗ "ಹತ್ತು ವರ್ಷವಾದರೂ ಅವನು ಅಲ್ಲೇ ಇದ್ದಾನಲ್ಲ" ಎನ್ನುವುದು ಅನ್ಯಾಯದ ಅಳತೆ ಎಂದೇ ನನ್ನ ಅಭಿಪ್ರಾಯ.

ವೇಗವನ್ನೇ ಹೊಗಳುವುದೂ ಸಲ್ಲ. ಬ್ಡೆಲ್ಲೊವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಸೆಕೆಂಡಿಗೆ ತನ್ನ ಮೈಯ ನೂರರಷ್ಟು ದೂರ ಧಾವಿಸಬಲ್ಲದು, ಆದರೆ ಬೇರೆ ಬ್ಯಾಕ್ಟೀರಿಯಾಗಳ ಒಳಹೊಕ್ಕು ತಿನ್ನಲು. ಮೊಸರಿನ ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಈಜಲು ಬಾಲವೇ ಇಲ್ಲ. ಹೆಪ್ಪು ಹಾಕಿದಲ್ಲೇ ಇದ್ದು ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತವೆ.

ಹಾಗೆಂದು ಮೈಯಳತೆಯ ಗಜವನ್ನೂ ಪೂರ್ತಿ ನಂಬುವಂತಿಲ್ಲ. "ನಿನ್ನ ಮಟ್ಟಕ್ಕೆ ನೀನು ದೊಡ್ಡ ಸಾಧನೆ ಮಾಡಿದ್ದೀಯ" ಎಂದು ಬೆನ್ನು ತಟ್ಟಿ, ಕೂಲಿಯನ್ನು ಅಷ್ಟಕ್ಕೇ ಬಿಡುವುದು ಬಹಳ ಸುಲಭ. ಗೌರವ ಕೊಡುವಾಗ ಅವನ ಗಜ ಹಿಡಿಯೋಣ, ಸರಿ. ಸಂಬಳ ಕೊಡುವಾಗ? ಅವನ ಮಗಳ ಕಾಲೇಜಿನಲ್ಲಿ ಫೀಸು ಕೇಳುವುದು ರೂಪಾಯಿಯ ಲೆಕ್ಕದಲ್ಲೇ, ಅಪ್ಪನ ಅಳತೆಯಲ್ಲಲ್ಲ.