ಹಾರುವ ವಿದ್ಯೆಯೂ ಅನಧ್ಯಾಯವೂ

ವಿದ್ಯೆಯನ್ನು ಕಾಲದಿಂದ ಅಳೆಯಬಹುದೆ ಎಂಬ ಪ್ರಶ್ನೆಯು ನಮ್ಮಲ್ಲಿ ಬಹಳ ಹಳೆಯದು. ವಿಮಾನ ನಡೆಯಿಸುವ ವಿದ್ಯೆಯಲ್ಲಿ ಈ ಪ್ರಶ್ನೆಯು ಪ್ರಾಣಕ್ಕೆ ಸಂಬಂಧಪಟ್ಟದ್ದಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆತನಗಳಿಗೆ ಈ ವಿದ್ಯೆಯು ಈಗ ದೂರದ್ದಲ್ಲ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟದ ಶಾಲೆಗಳಿಗಾಗಿ ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ, ಲೀಲಾಬಾರಿ ಎಂಬ ಐದು ನಿಲ್ದಾಣಗಳನ್ನು ಆರಿಸಿತು. ಹವೆಯಿಂದಾಗುವ ಅಡ್ಡಿ ಅಲ್ಲಿ ಕಡಿಮೆಯೆಂಬುದು ಆ ಆಯ್ಕೆಗೆ ಹೇಳಿದ ಕಾರಣಗಳಲ್ಲೊಂದು. ಆದರೂ ಸಹ್ಯಾದ್ರಿಯ ಮಗ್ಗುಲಲ್ಲಿರುವ ಬೆಳಗಾವಿಯಲ್ಲಿ ಮಳೆಗಾಲವು ತನ್ನ ಪಾಲನ್ನು ಬಿಡುವದಿಲ್ಲ. ಸಾಂಬ್ರಾದ ಬಯಲಿನ ಮೇಲೆ ಆಷಾಢದ ಮೋಡಗಳು ಕವಿದೇ ಕವಿಯುವವು.

ವೃತ್ತಿಯಾಗಿ ವಿಮಾನ ನಡೆಯಿಸುವ ಪರವಾನಿಗೆಗೆ ಇಂದಿನ ನಿಯಮದಂತೆ 200 ತಾಸುಗಳ ಹಾರಾಟ ಬೇಕು. ಅವುಗಳಲ್ಲಿ 100 ತಾಸು ತಾನೇ ಮುಖ್ಯನಾಗಿ ಹಾರಿರಬೇಕು; 20 ತಾಸು ಊರಿಂದೂರಿಗೆ ಹೋಗಿರಬೇಕು; 10 ತಾಸು ಹೊರಗೆ ನೋಡದೆ ಉಪಕರಣಗಳನ್ನೇ ನೋಡಿ ನಡೆಯಿಸಿರಬೇಕು; 5 ತಾಸು ರಾತ್ರಿಯಲ್ಲಿ ಹಾರಿರಬೇಕು. ಇವೆಲ್ಲವೂ ಲಾಗ್‌ಬುಕ್ಕೆಂಬ ಪುಸ್ತಕದಲ್ಲಿ ದಾಖಲಾಗುವವು. ಕಣ್ಣಿನ ನೋಟವನ್ನು ನಂಬಿ ಹಾರುವವನಿಗಾದರೋ ಸಾಮಾನ್ಯವಾಗಿ ಐದು ಕಿಲೋಮೀಟರುಗಳಷ್ಟು ದೂರ ಸ್ಪಷ್ಟವಾಗಿ ಕಾಣಬೇಕು. ಮೋಡಗಳಿಂದಲೂ ಗೊತ್ತುಪಡಿಸಿದಷ್ಟು ಅಂತರ ಉಳಿಯಬೇಕು. ಹಾಗಿಲ್ಲದ ದಿನ ಶಿಷ್ಯನು ನೆಲದ ಮೇಲೆಯೇ ಕುಳಿತಿರುವನು.

ಕುಳಿತ ದಿನವು ಪುಸ್ತಕದಲ್ಲಿ ಏರದು; ಖರ್ಚಿನಲ್ಲಿ ಮಾತ್ರ ಏರುವದು. ಈ ಶಿಕ್ಷಣಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ತಂಬಾಕಿನ ಇಲ್ಲವೆ ಕಬ್ಬಿನ ಹೊಲವನ್ನು ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಕಳಿಸಿದ ತಂದೆಗೆ ಒಂದು ತಿಂಗಳ ಮೋಡವೆಂದರೆ ಒಂದು ತಿಂಗಳ ಬಡ್ಡಿ. ಇಂಥ ಸಂಕಟದಲ್ಲಿ ಶಿಷ್ಯನ ಮುಂದೆ ಎರಡು ಮೋಹಗಳು ನಿಲ್ಲುವವು. ಹಾರದ ತಾಸುಗಳನ್ನು ಹಾರಿದೆನೆಂದು ಬರೆದುಕೊಳ್ಳುವದು ಒಂದು. ಹಾರಬಾರದ ಹವೆಯಲ್ಲಿ ‘ಇಷ್ಟಕ್ಕೇನಾಗುವದು’ ಎಂದು ಹಾರಿಬಿಡುವದು ಇನ್ನೊಂದು.

ಮೊದಲನೆಯದರ ವಿಚಾರಕ್ಕೆ ಹೆಚ್ಚು ಮಾತು ಬೇಡ. 2011ರಲ್ಲಿ ನಮ್ಮ ದೇಶದಲ್ಲಿಯೇ ಇಂಥ ಸುಳ್ಳು ತಾಸುಗಳ ಪ್ರಕರಣಗಳು ಹೊರಬಿದ್ದು ಬಂಧನಗಳಾದವು. ಅದು ಅನೃತವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಎರಡನೆಯದು ಮಾತ್ರ ಧೈರ್ಯದ ವೇಷ ತೊಟ್ಟು ಬರುವದರಿಂದ ಅದನ್ನು ಗುರುತಿಸುವದು ಕಠಿಣ. ಅದರ ಪಕ್ಷದಲ್ಲಿ ಒಂದು ಯುಕ್ತಿಯೂ ಉಂಟು. ತಿಳಿ ಆಕಾಶದಲ್ಲಿಯೇ ಎರಡು ನೂರು ತಾಸು ಕಳೆದವನು ನಾಳೆ ನೂರಾರು ಪ್ರವಾಸಿಕರನ್ನು ಕೂರಿಸಿಕೊಂಡು ಮೋಡವನ್ನು ಹೊಗಬೇಕಾದಾಗ ಏನು ಮಾಡಿಯಾನು? ಕಷ್ಟವನ್ನು ಕಾಣದವನು ಪಕ್ವನಾಗುವದು ಹೇಗೆ? ಈ ಆಕ್ಷೇಪವನ್ನು ಹಗುರಾಗಿ ತೆಗೆದುಹಾಕಲಾಗದು.

ಇದಕ್ಕೆ ಉತ್ತರವಾಗಬಲ್ಲ ಒಂದು ಪ್ರಯೋಗವು 1954ರಲ್ಲಿ ಅಮೇರಿಕೆಯ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಕಟವಾಯಿತು. ಉಪಕರಣಗಳ ಅಭ್ಯಾಸವಿಲ್ಲದ ಇಪ್ಪತ್ತು ಜನರಿಗೆ ಹೊರಗಿನ ನೋಟವನ್ನು ಮರೆಮಾಡಿ, ಮೋಡ ಹೊಕ್ಕಂಥ ಸ್ಥಿತಿಯನ್ನು ಉಂಟುಮಾಡಿದರು. ಇಪ್ಪತ್ತೂ ಜನರು ವಿಮಾನದ ಮೇಲಿನ ಹಿಡಿತವನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ವೇಳೆ 178 ಸೆಕೆಂಡು. ಕಾರಣವು ಶರೀರದಲ್ಲಿಯೇ ಇದೆ. ಒಳಗಿವಿಯ ದ್ರವವು ತೂಕವನ್ನು ತಿಳಿಸುವದು ನಿಜ. ಆದರೆ ವಿಮಾನವು ಒಂದೇ ಸಮನೆ ತಿರುಗುತ್ತಿದ್ದರೆ ಆ ದ್ರವವು ಬೇಗನೆ ಸ್ಥಿರವಾಗಿ, ನೆಟ್ಟಗೆ ಹೋಗುತ್ತಿರುವೆನೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅಂಥವನು ಇಳಿಯುತ್ತಿರುವದನ್ನು ಕಂಡು ಮೂತಿಯನ್ನು ಮೇಲೆಳೆದರೆ ಸುತ್ತು ಇನ್ನಷ್ಟು ಬಿಗಿಯಾಗುವದು. ಇಲ್ಲಿ ಧೈರ್ಯವು ಏನೂ ಮಾಡಲಾರದು. ಮುಂದೆ ಅದೇ ಜನರಿಗೆ ಕೆಲವೇ ತಾಸುಗಳ ಕ್ರಮವಾದ ಪಾಠವಾಯಿತು. ಆ ಬಳಿಕ ಹೆಚ್ಚುಕಡಿಮೆ ಎಲ್ಲರೂ ಕ್ಷೇಮವಾಗಿ ಪಾರಾದರು. ಅವರಿಗೆ ಮುಖ್ಯವಾಗಿ ಕಲಿಸಿದ್ದು ಬಂದ ದಾರಿಗೆ ಹಿಂತಿರುಗುವದನ್ನು.

ಅಂದಮೇಲೆ ಕಷ್ಟದ ಪರಿಚಯ ಬೇಕೆಂಬುದು ಸರಿ. ಅದನ್ನು ಗುರುವಿನ ಸನ್ನಿಧಿಯಲ್ಲಿ ಕ್ರಮದಿಂದ ಪಡೆಯಬೇಕು. ನಿಯಮವು ಹತ್ತು ತಾಸುಗಳನ್ನು ಬೇರೆಯಾಗಿ ಎತ್ತಿಟ್ಟದ್ದು ಇದಕ್ಕಾಗಿಯೇ. ಲೆಕ್ಕ ತುಂಬುವ ಆತುರದಿಂದ ಏಕಾಂಗಿಯಾಗಿ ಮೋಡಕ್ಕೆ ನುಗ್ಗಿದವನಿಗೆ ಯಾವ ವಿದ್ಯೆಯೂ ಬರುವದಿಲ್ಲ. ಬದುಕಿ ಬಂದರೆ ಅದಕ್ಕಿಂತ ಕೆಟ್ಟ ಪಾಠವೊಂದು ಬರುವದುಂಟು. ಮಳೆಗಾಲದಲ್ಲಿ ಕಲ್ಲೋಳ–ಯಡೂರ ನಡುವಿನ ಸೇತುವೆಯ ಮೇಲೆ ಕೃಷ್ಣೆಯ ನೀರು ಹರಿಯುವದನ್ನು ನಮ್ಮ ಭಾಗದವರೆಲ್ಲರೂ ಬಲ್ಲರು. ಮೊಣಕಾಲು ನೀರಿನಲ್ಲಿ ಒಮ್ಮೆ ದಾಟಿದವನು ಎರಡನೆಯ ಸಲ ಹೊಳೆಯನ್ನು ನೋಡುವದಿಲ್ಲ, ತನ್ನ ಹಿಂದಿನ ದಾಟನ್ನೇ ನೋಡುವನು. ಹೊಳೆಯು ಕ್ಷಮಿಸಿದ್ದನ್ನು ತನ್ನ ಸಾಮರ್ಥ್ಯವೆಂದು ತಿಳಿಯುವನು. ಹವೆಯ ವಿಷಯದಲ್ಲಿಯೂ ಹೀಗೆಯೇ.

ಇಲ್ಲಿ ನಮ್ಮ ಹಿರಿಯರ ಅನಧ್ಯಾಯವು ನೆನಪಿಗೆ ಬರುವದು. ಗುಡುಗು-ಮಿಂಚುಗಳೊಡನೆ ಮಳೆ ಬರುವಾಗ, ಧೂಳಿನ ಗಾಳಿ ಏಳುವಾಗ, ಮಂಜು ಕವಿದಾಗ ವೇದಾಧ್ಯಯನವನ್ನು ನಿಲ್ಲಿಸತಕ್ಕದ್ದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ. ಕಾರಣಗಳು ಬೇರೆಯಾದರೂ ಹಾರಾಟದ ಶಾಲೆಯ ನಿಷೇಧಗಳೂ ಇವೇ ಎಂಬುದು ವಿನೋದದ ಸಂಗತಿ. ವಿಶೇಷವೆಂದರೆ, ವೇದಾಂಗಗಳ ಪಾಠಕ್ಕೆ ಅನಧ್ಯಾಯವಿಲ್ಲವೆಂದು ಅದೇ ಗ್ರಂಥವು ಎರಡನೆಯ ಅಧ್ಯಾಯದಲ್ಲಿ ಹೇಳುತ್ತದೆ. ವೈಮಾನಿಕನಿಗೂ ಅಂಗಗಳುಂಟು: ಹವಾಮಾನಶಾಸ್ತ್ರ, ದಿಕ್ಕು-ದಾರಿಗಳ ಗಣಿತ, ಯಂತ್ರಜ್ಞಾನ, ವಾಯುಯಾನದ ಕಾಯದೆ. ಹಾರದ ದಿನವು ಇವುಗಳ ದಿನ. ಇವಲ್ಲದೆ ಆ ದಿನವು ಇನ್ನೊಂದನ್ನೂ ಕಲಿಸುತ್ತದೆ. ಹಾರಬೇಕೆಂಬ ಆಸೆ ತುಂಬಿರುವಾಗ ಆಕಾಶವನ್ನು ಇದ್ದಂತೆಯೇ ನೋಡಿ ‘ಇಂದು ಬೇಡ’ ಎನ್ನುವದು ಒಂದು ನಿರ್ಣಯ. ಮುಂದೆ ಪ್ರವಾಸಿಕರ ಪ್ರಾಣಗಳು ಈ ನಿರ್ಣಯವನ್ನೇ ಅವಲಂಬಿಸುವವು. ಲಾಗ್‌ಬುಕ್ಕಿನಲ್ಲಿ ಇದಕ್ಕೊಂದು ಕಾಲಮ್ಮಿಲ್ಲ. ಆದುದರಿಂದ ಇದನ್ನು ಯಾರೂ ಹೊಗಳಲಾರರು. ಹೊಗಳಿಕೆಯಿಲ್ಲದಲ್ಲಿ ನಡೆಯುವ ಸಂಯಮವನ್ನೇ ನಾವು ಧರ್ಮವೆಂದು ಕರೆಯಬೇಕಾಗಿದೆ.

ಆದರೆ ಧರ್ಮದ ಭಾರವನ್ನೆಲ್ಲ ಹತ್ತೊಂಬತ್ತರ ಪ್ರಾಯದವನ ಹೆಗಲಿಗೇ ಹೊರಿಸುವದು ನ್ಯಾಯವಲ್ಲ. ಹಿಂದೆ ಅನಧ್ಯಾಯವನ್ನು ಸಾರುವವರು ಗುರುಗಳು. ಅದರಿಂದ ಶಿಷ್ಯನಿಗೆ ಯಾವ ನಷ್ಟವೂ ಇರಲಿಲ್ಲ. ಇಂದು ಮೋಡದ ದಿನದ ನಷ್ಟವೆಲ್ಲ ಶಿಷ್ಯನ ಪಾಲಿಗೆ ಬರುವದಾದರೆ, ಸಿರಿವಂತನ ಮಗನಿಗೆ ವಿವೇಕವು ಅಗ್ಗವಾಗಿಯೂ ಬಡವನ ಮಗನಿಗೆ ತುಟ್ಟಿಯಾಗಿಯೂ ಇರುವದು. ಇಷ್ಟೇ ತಿಂಗಳಲ್ಲಿ ಮುಗಿಸಿಕೊಡುವೆವೆಂದು ಹಣ ಪಡೆಯುವ ಶಾಲೆಯು ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿದೇ ಅವಧಿಯನ್ನು ಹೇಳತಕ್ಕದ್ದು. ಸಾಲ ಕೊಡುವವರೂ ಕಂತಿನ ಆರಂಭವನ್ನು ಕಟ್ಟುವಾಗ ಆಕಾಶವನ್ನು ಸ್ಮರಿಸುವದು ಒಳಿತು.

ಮನೆಯವರ ಪಾಲೂ ಇದರಲ್ಲುಂಟು. ದಿನಾಲು ಸಂಜೆ ಫೋನಿನಲ್ಲಿ ‘ಎಷ್ಟು ತಾಸಾದವಪ್ಪಾ?’ ಎಂದೊಂದೇ ಕೇಳುವ ತಂದೆಯು ತಿಳಿಯದೆಯೇ ಮಗನನ್ನು ಮೋಡದ ಕಡೆಗೆ ತಳ್ಳುತ್ತಾನೆ. ‘ಇಂದು ಹವೆ ಹೇಗಿತ್ತು? ಹಾರುವದು ಬೇಡವೆಂದು ಯಾಕೆ ನಿರ್ಣಯಿಸಿದಿ?’ ಎಂದು ಕೇಳಿದರೆ, ಹುಡುಗನು ಆ ದಿನದ ಗಾಳಿಯನ್ನೂ ಮೋಡದ ಎತ್ತರವನ್ನೂ ವಿವರಿಸಿ ಹೇಳಬೇಕಾಗುವದು. ಹಾಗೆ ಹೇಳಬಲ್ಲವನಾದರೆ ಆ ದಿನವು ವ್ಯರ್ಥವಾಗಲಿಲ್ಲವೆಂದು ಮನೆಯವರು ನಿಶ್ಚಿಂತೆಯಿಂದ ತಿಳಿಯಬಹುದು. ಬಡ್ಡಿಯ ಚಿಂತೆಯನ್ನು ಅವನಿಲ್ಲದ ಹೊತ್ತಿನಲ್ಲಿ ತಮ್ಮೊಳಗೆ ಆಡಿಕೊಳ್ಳಬಹುದು.