ಮೆರವಣಿಗೆಯಲ್ಲಿ ಕೂಗುವ ಘೋಷಣೆ ಯಾರದು?

ಕಳೆದ ತಿಂಗಳು ಯುವಜನರ ಕೂಟದಲ್ಲಿ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಫಾದರ್, ಸಲಿಂಗಿಗಳು, ಮಂಗಳಮುಖಿಯರು ನಡೆಸುವ ಪ್ರೈಡ್ ಮೆರವಣಿಗೆಯಲ್ಲಿ ಬೇರೆ ರಾಜಕೀಯ ಘೋಷಣೆಗಳು ಇರಬಹುದೇ?" ಹಿಂದೆ ಕುಳಿತಿದ್ದ ಹಿರಿಯರೊಬ್ಬರು "ಅದೆಲ್ಲ ನಮಗೇಕೆ?" ಎಂದು ಗೊಣಗಿದರು. ನಮಗೇಕೆಂದರೆ, ಅಲ್ಲಿ ನಡೆಯುವವರಲ್ಲಿ ನಮ್ಮ ಮನೆಗಳ ಮಕ್ಕಳೂ ಇರುತ್ತಾರೆ. ಅವರ ಬಗ್ಗೆ ಅನ್ಯಾಯದ ತಾರತಮ್ಯ ಸಲ್ಲದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ.

"ರಾಜಕೀಯ ಬೇಡ" ಎನ್ನುವುದು ಸುಲಭದ ಉತ್ತರ. ಆದರೆ 1970ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೊದಲ ಮೆರವಣಿಗೆ ಹೊರಟದ್ದೇ ಹಿಂದಿನ ವರ್ಷ ಸ್ಟೋನ್‌ವಾಲ್ ಎಂಬ ಬಾರಿನ ಮೇಲಾದ ಪೊಲೀಸ್ ದಾಳಿಯನ್ನು ಎದುರಿಸಿದ ನೆನಪಿಗೆ. ಅದು ಹುಟ್ಟಿನಿಂದಲೇ ರಾಜಕೀಯ.

1984ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಆ ವರ್ಷದ ಲಂಡನ್ ಪ್ರೈಡ್ ಮೆರವಣಿಗೆಯಲ್ಲಿ ಮಾರ್ಕ್ ಆಷ್ಟನ್ ಎಂಬ ಯುವಕ ಗೆಳೆಯನೊಂದಿಗೆ ಬಕೆಟ್ ಹಿಡಿದು ಅವರಿಗಾಗಿ ಹಣ ಕೂಡಿಸಿದ. ಅಲ್ಲಿಂದ ಬೆಳೆದ ಗುಂಪು ದಕ್ಷಿಣ ವೇಲ್ಸಿನ ಡುಲೈಸ್ ಕಣಿವೆಯ ಕುಟುಂಬಗಳಿಗೆ ನೆರವಾಯಿತು. ಮುಷ್ಕರವೇನೋ ಸೋತಿತು. ಆದರೆ 1985ರ ಪ್ರೈಡ್ ಮೆರವಣಿಗೆಯ ಮುಂದೆ ಗಣಿ ಕಾರ್ಮಿಕರೇ ತಮ್ಮ ಬ್ಯಾನರ್ ಹಿಡಿದು ನಡೆದರು! ಯಾರೂ ಅವರನ್ನು ಎಳೆದು ತಂದಿರಲಿಲ್ಲ. ಬಕೆಟ್ಟಿಗೆ ನಾಣ್ಯ ಹಾಕುವುದೂ ಬಿಡುವುದೂ ನಡೆಯುವವರ ಇಷ್ಟವಾಗಿತ್ತು.

ಮುಂಬೈಯಲ್ಲಿ 2020ರ ಫೆಬ್ರುವರಿ 1ರಂದು ಆದದ್ದೇ ಬೇರೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಯಾದೀತೆಂದು ಪೊಲೀಸರು ಮೆರವಣಿಗೆಯ ಅನುಮತಿ ಹಿಂತೆಗೆದುಕೊಂಡು, ಆಜಾದ್ ಮೈದಾನದಲ್ಲಿ ಸೇರಲು ಮಾತ್ರ ಬಿಟ್ಟರು. ಅಲ್ಲಿ ಕೆಲವರು, ದೇಶದ್ರೋಹದ ಆರೋಪದಲ್ಲಿ ಬಂಧಿತನಾಗಿದ್ದ ವಿದ್ಯಾರ್ಥಿಯೊಬ್ಬನ ಪರ ಕೂಗಿದರು. ಸುಮಾರು 50 ಜನರ ಮೇಲೆ ದೇಶದ್ರೋಹದ ಮೊಕದ್ದಮೆ ಬಿತ್ತು. ಕೂಗಿಗೆ ಆ ಮೊಕದ್ದಮೆ ಅತಿಯಾಯಿತೆಂಬುದು ನನ್ನ ಅಭಿಪ್ರಾಯ. ಸಂಘಟಕರಂತೂ ಘೋಷಣೆಗೂ ತಮಗೂ ಸಂಬಂಧವಿಲ್ಲವೆಂದರು.

ಪೌರತ್ವದ ಚಿಂತೆ ಹೊರಗಿನದು ಎನ್ನಲಾರೆ. ಮನೆಯಿಂದ ಹೊರದಬ್ಬಿಸಿಕೊಂಡು ಹೆಸರು ಬದಲಿಸಿದ ಮಂಗಳಮುಖಿಯೊಬ್ಬಳು ತಂದೆತಾಯಿಯ ದಾಖಲೆ ಎಲ್ಲಿಂದ ತಂದಾಳು? ಅದು ಅವಳದೇ ಪ್ರಶ್ನೆ. ಅವಳದೇ ಮೆರವಣಿಗೆಯಲ್ಲಿ ಅದಕ್ಕೆ ಜಾಗವಿರಬೇಕು. ಆದರೆ ಮನೆಯವರಿಗೆ ತಿಳಿಯದಂತೆ ಮುಖ ಮುಚ್ಚಿಕೊಂಡು ಬಂದ ಹುಡುಗನನ್ನೂ ನೆನೆಯಿರಿ. ಅವನನ್ನು ಕೇಳದೆ ಪಕ್ಕದವನು ಕೂಗಿದ ಮಾತಿಗೆ ನಾಳೆ ಪೊಲೀಸರು ಅವನ ಮನೆಯ ಬಾಗಿಲು ತಟ್ಟಬಹುದು. ಪರರದನ್ನು ಪರರಿಗೆ ಸಲ್ಲಿಸುವುದು ನ್ಯಾಯ, ತನ್ನದನ್ನು ಕೊಡುವುದು ಔದಾರ್ಯ ಎಂದು ಸಂತ ಥಾಮಸ್ ಅಕ್ವಿನಾಸರು ಬೇರ್ಪಡಿಸುತ್ತಾರೆ. ಆ ಹುಡುಗನ ಸುರಕ್ಷತೆಯನ್ನು ನನ್ನ ಧ್ಯೇಯಕ್ಕೆ ಖರ್ಚು ಮಾಡಿದರೆ ಅದು ಎರಡೂ ಅಲ್ಲ.

ಇದನ್ನೇ ಹೇಳಿದಾಗ ಆ ಹುಡುಗಿ, "ಹಾಗಾದರೆ ಅವನಿಗಾಗಿ ಉಳಿದವರು ಎಷ್ಟು ವರ್ಷ ಬಾಯಿ ಮುಚ್ಚಿರಬೇಕು ಫಾದರ್?" ಎಂದಳು. ಮುಚ್ಚಬೇಕಿಲ್ಲ, ಏನನ್ನು ಕೂಗುತ್ತೇವೆಂದು ಮುಂಚೆಯೇ ಎಲ್ಲರಿಗೂ ತಿಳಿಸಲಿ, ಬರುವುದೋ ಬಿಡುವುದೋ ಅವನೇ ನಿರ್ಧರಿಸಲಿ ಎಂದೆ. "ಅವನಿಗೆ ಬೇರೆ ಮೆರವಣಿಗೆ ಎಲ್ಲಿದೆ?" ಎಂದಳು. ಆ ಮಾತನ್ನು ನಾನಿನ್ನೂ ಯೋಚಿಸುತ್ತಿದ್ದೇನೆ.