ನರಗುಂದದ ಪತ್ರ, ರಾಮದುರ್ಗದ ಧರ್ಮಸಂಕಟ

ಶ್ರೀಮದ್ರಾಮಾಯಣದ ಪ್ರವಚನದಲ್ಲಿ ವಿಭೀಷಣ ಶರಣಾಗತಿಯ ಪ್ರಸಂಗ ಬಂದಾಗಲೆಲ್ಲ ಶ್ರೋತೃಗಳ ಮನದಲ್ಲಿ ಒಂದು ಪ್ರಶ್ನೆ ಏಳುವುದುಂಟು: ಒಡಹುಟ್ಟಿದವನನ್ನು ತೊರೆಯುವುದು ಧರ್ಮವೇ? ರಾವಣನದು ಪರಸ್ತ್ರೀಹರಣವೆಂಬ ಮಹಾಪಾತಕ. ಆದುದರಿಂದ ಅಲ್ಲಿ ಸಮಾಧಾನ ಸುಲಭ. ಸೋದರನ ಅಳಲು ನ್ಯಾಯವಾದುದೇ ಆಗಿದ್ದರೆ? ಅಂತಹ ಪ್ರಸಂಗವೊಂದು ನಮ್ಮ ಸೀಮೆಯ ಇತಿಹಾಸದಲ್ಲಿಯೇ ಉಂಟು.

ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ಆಂಗ್ಲರನ್ನೆದುರಿಸಿ ಗಲ್ಲಿಗೇರಿದುದನ್ನು ಎಲ್ಲರೂ ಬಲ್ಲರು. ಅವರ ಮಲಸಹೋದರರೇ ರಾಮದುರ್ಗದ ಸಂಸ್ಥಾನಾಧಿಪತಿಗಳಾಗಿದ್ದರೆಂಬುದನ್ನು ಬಲ್ಲವರು ವಿರಳ. ಪುತ್ರಸಂತಾನವಿಲ್ಲದ ಬಾಬಾಸಾಹೇಬರಿಗೆ ಸರಕಾರವು ದತ್ತಕದ ಅನುಮತಿಯನ್ನು ನಿರಾಕರಿಸಿತ್ತು. ಇನಾಂ ಕಮಿಷನ್ನಿನ ತನಿಖೆಯಿಂದ ಇನಾಂದಾರರೆಲ್ಲ ಕಳವಳಗೊಂಡಿದ್ದರು. ಆ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಎಂಬ ಅಧಿಕಾರಿಯೇ ಆಗ ಪೊಲಿಟಿಕಲ್ ಏಜೆಂಟನಾಗಿದ್ದನು.

1858ರ ಮೇ ತಿಂಗಳಿನಲ್ಲಿ ಮ್ಯಾನ್ಸನ್ ರಾಮದುರ್ಗಕ್ಕೆ ಬಂದನು. ಅಲ್ಲಿನ ಅಧಿಪತಿಗಳು ಅವನನ್ನು ಸತ್ಕರಿಸಿ, ನರಗುಂದದ ಕಡೆಗೆ ಹೋಗಬಾರದೆಂದು ಎಚ್ಚರಿಸಿದರು. ದಂಗೆಗೆ ತಮ್ಮನ್ನೂ ಕರೆದು ಸೋದರರು ಬರೆದಿದ್ದ ಪತ್ರವನ್ನೂ ತೋರಿಸಿದರು. 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ನನ ಮೇಲೆ ಬಾಬಾಸಾಹೇಬರು ಎರಗಿದರು. ಅವನ ಶಿರಸ್ಸು ನರಗುಂದದ ಅಗಸೆಯಲ್ಲಿ ತೂಗಿತು. ಜೂನ್ 2ರಂದು ಕೋಟೆ ಬಿದ್ದಿತು. 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಅವರ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ದೇಹತ್ಯಾಗ ಮಾಡಿದರೆಂದು ಜನರು ಇಂದಿಗೂ ನೆನೆಯುತ್ತಾರೆ.

ಈಗ ವಿಚಾರಿಸೋಣ. ಮನೆಗೆ ಬಂದವನು ಹಗೆಯಾದರೂ ಅತಿಥಿ. ಅವನ ಪ್ರಾಣಕ್ಕೆ ಅಪಾಯವಿದೆಯೆಂದು ಎಚ್ಚರಿಸುವುದು ಗೃಹಸ್ಥಧರ್ಮ. ಅಷ್ಟಕ್ಕೆ “ಆ ದಾರಿ ಬೇಡ” ಎಂಬ ಒಂದು ಮಾತು ಸಾಕಾಗಿತ್ತು. ಸೋದರನು ನಂಬಿ ಬರೆದ ಪತ್ರವನ್ನು ಬಿಚ್ಚಿ ತೋರಿಸಿದಾಗ ಆತಿಥ್ಯದ ಎಲ್ಲೆ ಮೀರಿತು. ಆತ್ಮರಕ್ಷಣೆಯ ಚಿಂತೆ ಅಲ್ಲಿ ಸೇರಿತು. ಇತ್ತ ಬಾಬಾಸಾಹೇಬರ ಪಕ್ಷ ನ್ಯಾಯದ್ದೇ. ಆದರೂ ಪಯಣದ ನಡುವೆ ತಂಗಿದ್ದವನನ್ನು ಇರುಳಿನಲ್ಲಿ ಕೊಂದು ಶಿರಸ್ಸನ್ನು ತೂಗಹಾಕಿದುದನ್ನು ಆ ನ್ಯಾಯವು ಶುದ್ಧಗೊಳಿಸಲಾರದು. ಸೌಪ್ತಿಕಪರ್ವವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಮದುರ್ಗದ ಸಂಸ್ಥಾನವು 1948ರವರೆಗೆ ಉಳಿಯಿತು, ನರಗುಂದದ್ದು ಅಂದೇ ಅಳಿಯಿತು. ಹಾಗೆಂದು ಉಳಿದವರದು ಧರ್ಮ, ಅಳಿದವರದು ಅಧರ್ಮವೆನ್ನಲಾದೀತೇ? ಫಲವನ್ನು ನೋಡಿ ಕರ್ಮವನ್ನು ಅಳೆಯುವುದು ಸಲ್ಲದು. ನಮಗೆ ರಾಜ್ಯಗಳಿಲ್ಲ, ಆದರೆ ಅಣ್ಣತಮ್ಮಂದಿರ ಹೊಲಮನೆಗಳ ವ್ಯಾಜ್ಯಗಳುಂಟು, ನಂಬಿ ಆಡಿದ ಮಾತುಗಳುಂಟು. ಸೋದರನ ತಪ್ಪಿನಲ್ಲಿ ಪಾಲುಗಾರರಾಗದಿರೋಣ. ಅವನ ಗುಟ್ಟನ್ನು ಮಾರಿ ನಮ್ಮ ಕ್ಷೇಮವನ್ನು ಕೊಳ್ಳದಿರೋಣ. ಈ ಎರಡನ್ನೂ ಒಟ್ಟಿಗೆ ನಡೆಸುವ ವಿವೇಕವನ್ನು ಶ್ರೀಹರಿವಾಯುಗುರುಗಳು ಕರುಣಿಸಲಿ.